ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ, ಆಗಿ ಮಿಂಚಿದವರು ಕೋಚ್ ಆಗಿಯೂ ಗೆದ್ದಿದ್ದಾರಾ?

ಗೆದ್ದಿದ್ದಾರೆ. ನನಗೆ ಮೊದಲು ನೆನಪಾಗುವುದು ಸ್ಟೀವ್ ಸ್ಪರಿಯರ್. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡದಲ್ಲಿದ್ದರು. 1966ರಲ್ಲಿ ಹೈಸ್‌ಮನ್ ಟ್ರೋಫಿ, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನ ಪ್ರಶಸ್ತಿ, ಇವರಿಗೇ ಬಂತು. ಆ ವರ್ಷ ಆಬರ್ನ್ ವಿಶ್ವವಿದ್ಯಾಲಯದ ವಿರುದ್ಧ ಆಡಿದ ಪಂದ್ಯವನ್ನೇ ನೋಡಿ: ಸ್ಕೋರು 27-27, ಉಳಿದಿರೋದು ಸ್ವಲ್ಪವೇ ಸಮಯ, ಒದೆಯಬೇಕಾದದ್ದು 40 ಗಜದಿಂದ. ಅದು ಕ್ವಾರ್ಟರ್‌ಬ್ಯಾಕ್ ಕೆಲಸವೇ ಅಲ್ಲ, ಅಲ್ವಾ? ಆದರೂ ತಾವೇ ಮುಂದೆ ಬಂದು ಫೀಲ್ಡ್ ಗೋಲ್ ಹೊಡೆದು, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು, ಗೆಲ್ಲಿಸಿದರು.

ವೃತ್ತಿಪರ ಆಟದಲ್ಲಿ ಅಷ್ಟು ಹೆಸರು ಬರಲಿಲ್ಲ. 1976ರಲ್ಲಿ ಅವರಿದ್ದ ಟ್ಯಾಂಪಾ ಬೇ ಆಡಿದ 14 ಪಂದ್ಯವನ್ನೂ ಸೋತಿತು. ಕೋಚ್ ಆದ ಮೇಲೆ ಬೇರೆಯೇ ಕಥೆ. ಸೊರಗಿದ್ದ ಡ್ಯೂಕ್ ವಿಶ್ವವಿದ್ಯಾಲಯದ ತಂಡವನ್ನು 1989ರಲ್ಲಿ ಎಸಿಸಿ ಎಂಬ ಕಾಲೇಜು ಲೀಗ್‌ನ ಜಂಟಿ ಚಾಂಪಿಯನ್ ಮಾಡಿ, ಮರುವರ್ಷ ಹಳೇ ಕಾಲೇಜಿಗೇ ವಾಪಸ್ ಬಂದರು. ಅಲ್ಲಿನ ಲೀಗ್‌ನಲ್ಲಿ ಚೆಂಡು ಹಿಡಿದು ಓಡುವುದನ್ನೇ ಎಲ್ಲರೂ ಜಾಸ್ತಿ ನಂಬಿದ್ದಾಗ ಇವರು ಎಸೆಯುವ ಆಟವನ್ನೇ ನೆಚ್ಚಿದರು. 1996ರ ಸೀಸನ್ ಕೊನೆಗೆ ಶುಗರ್ ಬೌಲ್ ಎಂಬ ಪಂದ್ಯದಲ್ಲಿ ಫ್ಲೋರಿಡಾ ಸ್ಟೇಟನ್ನು 52-20ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದರು, ಅದೇ ಸೀಸನ್‌ನಲ್ಲಿ ಅವರ ಶಿಷ್ಯ ಡ್ಯಾನಿ ವರ್ಫೆಲ್‌ಗೂ ಹೈಸ್‌ಮನ್ ಸಿಕ್ಕಿತು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಸಾಧನೆ ಬೇರೆ ಇಲ್ಲ.

ವಾಷಿಂಗ್ಟನ್‌ನ ವೃತ್ತಿಪರ ತಂಡದಲ್ಲಿ ಎರಡು ವರ್ಷ ಕೈಹತ್ತಲಿಲ್ಲ. ಆಮೇಲೆ ಸೌತ್ ಕ್ಯಾರೊಲಿನಾಗೆ ಹೋಗಿ, ಆ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಆದರು.