ಎತ್ತಿ ಕಟ್ಟಿದ ರೆಪ್ಪೆಯಲ್ಲಿ ಮರಳಿ ಬರುವ ಕೀವು

ಪ್ರಶ್ನೆ: ನಮ್ಮ ಐದು ವರ್ಷದ ಮಗನಿಗೆ ಹುಟ್ಟಿದಾಗಿನಿಂದ ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಕಳೆದ ವರ್ಷ ಆಪರೇಷನ್ ಮಾಡಿ, ಸಿಲಿಕೋನ್ ದಾರದಿಂದ ಎತ್ತಿ ಕಟ್ಟಿದರು. ಈಗ ಹುಬ್ಬಿನ ಮೇಲಿನ ಗಾಯದ ಗುರುತಿನಲ್ಲಿ ಕಡಲೆಕಾಳಿನಷ್ಟು ಗುಳ್ಳೆಯೆದ್ದು ಕೀವು ಸೋರುತ್ತದೆ. ಔಷಧಿ ಕೊಟ್ಟರೆ ಇಳಿಯುತ್ತದೆ, ನಿಲ್ಲಿಸಿದರೆ ಮರಳಿ ಬರುತ್ತದೆ. ದಾರ ತೆಗೆಯಬೇಕು ಎನ್ನುತ್ತಾರೆ. ತೆಗೆದರೆ ರೆಪ್ಪೆ ಮತ್ತೆ ಬೀಳುವುದಿಲ್ಲವೇ? ಹರಳೆಣ್ಣೆ ಹಚ್ಚಬಹುದೇ?
– ಒಬ್ಬ ತಾಯಿ, ಶಿಡ್ಲಘಟ್ಟ

ಉತ್ತರ: ನಿಮ್ಮ ವೈದ್ಯರ ಮಾತು ಸರಿಯಾಗಿದೆ; ದಯವಿಟ್ಟು ಮುಂದೂಡಬೇಡಿ. ಔಷಧಿ ನಿಲ್ಲಿಸಿದೊಡನೆ ಅದೇ ಜಾಗದಲ್ಲಿ ಕೀವು ಕಾಣಿಸುತ್ತಿದ್ದರೆ ಸೋಂಕು ದಾರಕ್ಕೇ ತಗುಲಿರುವ ಸಾಧ್ಯತೆ ಹೆಚ್ಚು. ರೆಪ್ಪೆ ಎತ್ತುವ ಸ್ನಾಯು ತೀರ ದುರ್ಬಲವಾಗಿರುವ ಮಕ್ಕಳಲ್ಲಿ ರೆಪ್ಪೆಯನ್ನು ದಾರದ ಮೂಲಕ ಹಣೆಯ ಸ್ನಾಯುವಿಗೆ ಜೋಡಿಸುತ್ತಾರೆ. ಸಿಲಿಕೋನ್ ಆಗಲಿ, ಗೋರ್‌ಟೆಕ್ಸ್ ಎಂಬ ಇನ್ನೊಂದು ಕೃತಕ ದಾರವಾಗಲಿ, ಅದರೊಳಗೆ ರಕ್ತ ಹರಿಯುವುದಿಲ್ಲವಾದ್ದರಿಂದ, ಅದರ ಮೇಲೆ ಪೊರೆ ಕಟ್ಟಿಕೊಂಡು ಕುಳಿತ ಬ್ಯಾಕ್ಟೀರಿಯಾಗಳನ್ನು ರಕ್ತದ ಮೂಲಕ ತಲುಪಬೇಕಾದ ಆಂಟಿಬಯೋಟಿಕ್ ಪೂರ್ತಿಯಾಗಿ ಕೊಲ್ಲಲಾರದು. ಮೆಡಿಕಲ್ ಶಾಪಿನಿಂದ ಅದೇ ಸಿರಪ್ಪನ್ನು ಮತ್ತೆ ಮತ್ತೆ ತಂದು ಕುಡಿಸುವುದರಿಂದ ಮಗುವಿಗೆ ಕಷ್ಟವೇ ಹೊರತು ಉಪಯೋಗವಿಲ್ಲ. ಕೀವನ್ನು ಕಲ್ಚರ್ ಪರೀಕ್ಷೆಗೆ (ರೋಗಾಣುವನ್ನು ಬೆಳೆಸಿ ಯಾವುದೆಂದು ಗುರುತಿಸುವ ಪರೀಕ್ಷೆ) ಕಳಿಸುವಂತೆ ಕೇಳಿ. ಕ್ಷಯದ ರೋಗಾಣುವಿನ ಕುಲಕ್ಕೆ ಸೇರಿದ ಕೆಲವು ಬ್ಯಾಕ್ಟೀರಿಯಾಗಳೂ ಇಂತಹ ಗಾಯಗಳಲ್ಲಿ ಸಿಗುವುದುಂಟು, ಅವು ಮಾಮೂಲಿ ಔಷಧಿಗೆ ಜಗ್ಗುವುದಿಲ್ಲ.

ರೆಪ್ಪೆ ಬೀಳುತ್ತದೆಂಬ ನಿಮ್ಮ ಭಯ ಸಹಜವಾದದ್ದು, ಬೀಳಲೂಬಹುದು. ಕೆಲವು ಮಕ್ಕಳಲ್ಲಿ ಮಾತ್ರ ದಾರದ ಸುತ್ತ ಬೆಳೆದ ಗಟ್ಟಿ ಅಂಗಾಂಶವೇ ರೆಪ್ಪೆಯನ್ನು ಸ್ವಲ್ಪಮಟ್ಟಿಗೆ ಎತ್ತಿ ಹಿಡಿಯುತ್ತದೆ. ಬಿದ್ದರೂ, ಗಾಯ ಪೂರ್ತಿ ಮಾಗಿ ಕೆಲವು ತಿಂಗಳಾದ ಮೇಲೆ ಮಗುವಿನ ತೊಡೆಯಿಂದಲೇ ತೆಗೆದ ಪಟ್ಟಿಯಂತಹ ಅಂಗಾಂಶದಿಂದ ಮತ್ತೆ ಕಟ್ಟಬಹುದು. ಸ್ವಂತ ದೇಹದ್ದಾದ್ದರಿಂದ ಅದಕ್ಕೆ ಸೋಂಕು ತಗುಲುವುದು ಕಡಿಮೆ, ಐದು ವರ್ಷದ ಮಗುವಿನ ತೊಡೆಯಿಂದ ಸಾಮಾನ್ಯವಾಗಿ ಬೇಕಾದಷ್ಟು ಉದ್ದ ಸಿಗುತ್ತದೆ. ಆದರೆ ಈ ನಡುವಿನ ಕಾಲದಲ್ಲಿ ರೆಪ್ಪೆ ಪಾಪೆಯನ್ನು ಮುಚ್ಚಿದರೆ ಆ ಕಣ್ಣು ನೋಡುವುದನ್ನೇ ಕಲಿಯದೆ ಮಂದವಾಗುವ ಅಪಾಯವಿರುವುದರಿಂದ, ದೃಷ್ಟಿ ಪರೀಕ್ಷೆಯನ್ನು ತಪ್ಪಿಸಬೇಡಿ. ಕನ್ನಡಕವನ್ನೋ, ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕುವುದನ್ನೋ ಹೇಳಿದರೆ ಬಿಡದೆ ಪಾಲಿಸಿ.

ಹರಳೆಣ್ಣೆ ಬೇಡ, ಎದೆಹಾಲೂ ಬೇಡ. ಗುಳ್ಳೆಯನ್ನು ಒತ್ತಿ ಕೀವು ತೆಗೆಯಲೇಬಾರದು.

ಜ್ವರ ಬಂದು ಕಣ್ಣಿನ ಸುತ್ತ ಊದಿಕೊಂಡರೆ, ಗುಡ್ಡೆ ಮುಂದಕ್ಕೆ ಬಂದಂತೆ ಕಂಡರೆ, ಇಲ್ಲವೇ ಕಣ್ಣು ಹೊರಳಿಸಲು ನೋವೆಂದು ಮಗು ಅತ್ತರೆ, ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ಮಿಂಟೋ ಆಸ್ಪತ್ರೆಗೋ ಕರೆದೊಯ್ಯಿರಿ. ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಯಾವ ದಾರ ಹಾಕಿದ್ದಾರೆ? ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.