ಭಟ್ಕಳದಿಂದ ಹೊನ್ನಾವರ: ಕಡಲು ಎಡಕ್ಕಿರಲಿ

ಪ್ರಶ್ನೆ: ನಾವು ನಾಲ್ಕು ಮಂದಿ, ಸ್ವಂತ ಕಾರು, ಎರಡು ದಿನ ರಜೆ. ಹೊನ್ನಾವರ ಮತ್ತು ಭಟ್ಕಳ ನೋಡಿಕೊಂಡು, ಅವೆರಡರ ನಡುವೆ ಕಡಲ ತಡಿಯಲ್ಲಿ ನಿಧಾನವಾಗಿ ಹೋಗುವ ಆಸೆ. ಜೋಗದ ಮೇಲೆ ಹೊನ್ನಾವರಕ್ಕೆ ಇಳಿದು ದಕ್ಷಿಣಕ್ಕೆ ಹೋಗೋಣ ಅಂದುಕೊಂಡಿದ್ದೇವೆ. ಸರಿಯೇ?
– ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ದಾರಿ ಸರಿ, ದಿಕ್ಕು ತಿರುಗಿಸಿಕೊಳ್ಳಿ. ಭಟ್ಕಳದಿಂದ ಹೊನ್ನಾವರದ ಕಡೆ ಹೊರಟರೆ ಕಡಲು ನಿಮ್ಮ ಎಡಕ್ಕೆ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಈಗ ಬಹುತೇಕ ಚತುಷ್ಪಥ, ನಡುವೆ ಡಿವೈಡರ್. ಉತ್ತರಕ್ಕೆ ಹೋಗುವವರು ಇಂಡಿಕೇಟರ್ ಹಾಕಿ ಎಡಕ್ಕೆ ಹೊರಳಿದರೆ ಸಾಕು, ಸಮುದ್ರದ ದಾರಿ ಸಿಗುತ್ತದೆ. ದಕ್ಷಿಣಕ್ಕೆ ಹೋಗುವವರು ಪ್ರತಿ ಬೀಚಿಗೂ ಯೂ-ಟರ್ನ್ ಹುಡುಕಿ, ವೇಗವಾಗಿ ಬರುವ ಲಾರಿಗಳಿಗೆ ಅಡ್ಡ ಹಾಯಬೇಕು. ಉತ್ತರಕ್ಕೆ ಹೋದರೆ ಸಂಜೆಯ ಬಿಸಿಲು ಚಾಲಕರ ಪಕ್ಕದ ಕಿಟಕಿಯಿಂದ ಹೊಡೆಯುವುದೂ ತಪ್ಪುತ್ತದೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಭಟ್ಕಳ–ಹೊನ್ನಾವರದ ಸುಮಾರು 40 ಕಿ.ಮೀ.ನಲ್ಲಿ ಹೆದ್ದಾರಿಯಿಂದ ಕಡಲು ಕಾಣುವುದು ಕಡಿಮೆ. ತೆಂಗಿನ ತೋಟ, ಗದ್ದೆ, ಹೊಳೆಯ ಸೇತುವೆಗಳೇ ಹೆಚ್ಚು; ಅಲೆ ನೋಡಲು ಒಳಗೆ ಹೋಗಬೇಕು. ಚಕ್ರದ ಪಕ್ಕದಲ್ಲೇ ಸಮುದ್ರ ಬೇಕೆಂದರೆ ಅದು ಮರವಂತೆಯಲ್ಲಿ: ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಸ್ತೆ. ಅದನ್ನೂ ಸೇರಿಸಿಕೊಳ್ಳಿ.

ಬೆಳಿಗ್ಗೆ 5ಕ್ಕೆ ದಾವಣಗೆರೆ ಬಿಡಿ. ಹೊನ್ನಾಳಿ, ಶಿವಮೊಗ್ಗ, ಹೊಸನಗರ, ನಗರ ಎಂಬ ಊರಿನ ಮೇಲೆ ಕೊಲ್ಲೂರು. ತಿಂಡಿ, ಚಹಾ ಸೇರಿ ಆರು ತಾಸು ಹಿಡಿಯಿರಿ. ಕೊಲ್ಲೂರಿನಲ್ಲಿ ಮೊಬೈಲ್ ಮ್ಯಾಪ್‌ಗೆ ಭಟ್ಕಳ ಎಂದು ಹಾಕಿದರೆ ಅದು ನೇರ ಬೈಂದೂರಿಗೆ ಇಳಿಸುತ್ತದೆ, ಮರವಂತೆ ತಪ್ಪಿಹೋಗುತ್ತದೆ. ಮ್ಯಾಪ್‌ಗೆ ಹೆಮ್ಮಾಡಿ ಎಂದು ಹಾಕಿ, ವಂಡ್ಸೆ ದಾರಿ ಹಿಡಿಯಿರಿ. ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿದರೆ ತ್ರಾಸಿ, ಮರವಂತೆ, ಬೈಂದೂರು, ಶಿರೂರು, ಭಟ್ಕಳ ಸಾಲಾಗಿ ಬರುತ್ತವೆ. ಶಿರೂರಿನಲ್ಲಿ ಟೋಲ್ ಇದೆ, ಫಾಸ್ಟ್‌ಟ್ಯಾಗ್‌ನಲ್ಲಿ ಹಣವಿರಲಿ. ಮರವಂತೆಯಲ್ಲಿ ಹೆದ್ದಾರಿಯ ಬಿಳಿ ಗೆರೆಯ ಮೇಲೆ ಕಾರು ನಿಲ್ಲಿಸಬೇಡಿ. ತಡೆಗೋಡೆಯ ಕಲ್ಲುಗಳ ಮೇಲೆ ಪಾಚಿ ಇರುತ್ತದೆ, ಅಲ್ಲಿ ನಿಂತು ಫೋಟೊ ಬೇಡವೇ ಬೇಡ.

ಭಟ್ಕಳವನ್ನು ಬೈಪಾಸಿನಂತೆ ದಾಟಿಬಿಡುವವರೇ ಹೆಚ್ಚು. ಅದು ದೊಡ್ಡ ನಷ್ಟ. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು ಇದು. 1542ರಲ್ಲಿ ಪೋರ್ಚುಗೀಸರು ದಾಳಿ ಮಾಡಿದ ಊರು. ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ ಮತ್ತು ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ ನೋಡಿ. ಬೇಲೂರು, ಹರಿಹರ ನೋಡಿದ ಕಣ್ಣಿಗೆ ಇವು ಹೊಸವು. ಚಾವಣಿಗೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಹೊರಗೆ ಸುತ್ತಲೂ ಕಲ್ಲಿನ ಪಟ್ಟಿಗಳನ್ನು ಮರದ ಹಲಗೆಯಂತೆ ಓರೆಯಾಗಿ ಜೋಡಿಸಿದ್ದಾರೆ. ಅಡ್ಡಮಳೆ ಒಳಗೆ ಬರದು, ಗಾಳಿ ಮಾತ್ರ ಆಡುತ್ತದೆ. ಕೇತಪೈ ಗುಡಿಯ ಹೊರಗೋಡೆಯ ರಾಮಾಯಣದ ಕೆತ್ತನೆಗೆ ಅರ್ಧ ತಾಸಾದರೂ ಕೊಡಿ.

ರಾತ್ರಿ ಮುರ್ಡೇಶ್ವರದಲ್ಲಿ ಉಳಿಯಿರಿ. ವಾರಾಂತ್ಯವಾದರೆ ರೂಮು ಮೊದಲೇ ಹೇಳಿಟ್ಟಿರಬೇಕು. ಮಾರನೆಯ ಬೆಳಿಗ್ಗೆ ಇಡಗುಂಜಿ ಗಣಪತಿ, ಇದೊಂದಕ್ಕೇ ಬಲಕ್ಕೆ ಹೋಗಬೇಕು. ಆಮೇಲೆ ಎಡಕ್ಕೆ ಅಪ್ಸರಕೊಂಡ. ಅಲ್ಲಿನ ಗುಡ್ಡದ ಮೇಲಿನಿಂದ ಕಾಣುವ ಕಡಲು ಈ ಇಡೀ ಪಯಣದಲ್ಲೇ ಚಂದ. ಸಮಯ ಕಡಿಮೆ ಬಿದ್ದರೆ ಬೇರೆ ಬಿಡಿ, ಇದನ್ನು ಬಿಡಬೇಡಿ. ಕಾಸರಕೋಡು ಬೀಚ್ 2020ರಲ್ಲಿ, ಸ್ವಚ್ಛತೆ ಮತ್ತು ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು. ಬಟ್ಟೆ ಬದಲಿಸಲು, ಸ್ನಾನಕ್ಕೆ ಅನುಕೂಲವಿದೆ. ಶರಾವತಿ ಸೇತುವೆ ದಾಟಿದರೆ ಹೊನ್ನಾವರ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಊರಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿದ್ದವೆಂದು ಬರೆದಿದ್ದಾನೆ.

ಮಧ್ಯಾಹ್ನ 1ರ ಒಳಗೆ ಹೊನ್ನಾವರ ಬಿಡಿ. ಗೇರುಸೊಪ್ಪೆಯ ನಂತರದ ಘಾಟಿಯನ್ನು ಬೆಳಕಿರುವಾಗಲೇ ಹತ್ತಬೇಕು. ಜೋಗ, ಸಾಗರ, ಶಿವಮೊಗ್ಗದ ಮೇಲೆ ಊರು ಸೇರಲು ಮತ್ತೆ ಆರು ತಾಸು.

ಪ್ರಶ್ನೆ: ಮಳೆಗಾಲದಲ್ಲಿ ಹೋದರೆ ಹಸಿರು ಚೆನ್ನ ಎನ್ನುತ್ತಾರೆ. ಬಯಲುಸೀಮೆಯ ರಸ್ತೆಯಲ್ಲಷ್ಟೇ ಓಡಿಸಿ ಗೊತ್ತು. ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ದಾರಿಯಲ್ಲವೇ?
– ಓದುಗರು, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ಹೆದ್ದಾರಿ ಅದೇ, ಊರು ಬೇರೆ. 2024ರ ಜುಲೈಯಲ್ಲಿ ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಕುಮಟೆಯಿಂದಲೂ ಉತ್ತರಕ್ಕೆ. ಮೇಲೆ ಹೇಳಿದ ಟೋಲ್ ಇರುವುದು ಬೈಂದೂರು ತಾಲ್ಲೂಕಿನ ಶಿರೂರಿನಲ್ಲಿ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರು ಈ ಘಾಟಿಗಳಿಗೆ ಹೋಗದಿರುವುದೇ ಒಳ್ಳೆಯದು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹಸಿರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಶಿವಮೊಗ್ಗಕ್ಕೆ ಬಂದು ಇದೇ ದಾರಿ ಸೇರಿಕೊಳ್ಳಿ.

ಬಯಲುಸೀಮೆಯವರು ಘಾಟಿಯಲ್ಲಿ ಎಡವುವುದು ಇಳಿಯುವಾಗ. ನಾಲ್ಕನೇ ಗೇರಿನಲ್ಲೇ ಬಿಟ್ಟು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದರೆ ಡಿಸ್ಕ್ ಕಾದು, ಸುಟ್ಟ ವಾಸನೆ ಬಂದು, ಒತ್ತಿದರೂ ಬ್ರೇಕ್ ಹಿಡಿಯದು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಅಂದರೆ ಎರಡು ಇಲ್ಲವೇ ಮೂರು. ಬ್ರೇಕನ್ನು ತಿರುವಿಗೆ ಮೊದಲೇ ಒತ್ತಿ, ಕೂಡಲೇ ಕಾಲು ತೆಗೆಯಿರಿ. ವಾಸನೆ ಬಂತೆಂದರೆ ಅಗಲವಾದ ಜಾಗದಲ್ಲಿ ಅರ್ಧ ತಾಸು ನಿಲ್ಲಿಸಿ. ಕಾದ ಚಕ್ರಕ್ಕೆ ನೀರು ಹಾಕಿದರೆ ಡಿಸ್ಕ್ ಸೊಟ್ಟಗಾಗುತ್ತದೆ. ಹೊರಡುವ ಮುನ್ನ ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ. ಕರಾವಳಿಯ ತೇವಕ್ಕೆ ಮುಂದಿನ ಗಾಜು ಒಳಗಿನಿಂದ ಮಂಜಾದರೆ ಎಸಿ ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಿ. ಹೊರಗಿನಿಂದ ಮಂಜಾದರೆ ವೈಪರ್ ಆಡಿಸಿ, ಎಸಿಯ ತಂಪು ಇಳಿಸಿ.

ಪ್ರಶ್ನೆ: ಮಕ್ಕಳಿಗೆ ಈಜು ಬರುತ್ತದೆ. ಮುರ್ಡೇಶ್ವರದಲ್ಲಿ ನೀರಿಗಿಳಿಸಬಹುದೇ?
– ಓದುಗರು, ಹರಿಹರ

ಉತ್ತರ: ಲೈಫ್‌ಗಾರ್ಡ್ ಇರುವ, ಗುರುತು ಹಾಕಿದ ಜಾಗದಲ್ಲಿ ಮಾತ್ರ, ಅದೂ ಮೊಣಕಾಲುದ್ದ ನೀರಿನಲ್ಲಿ, ದೊಡ್ಡವರು ಪಕ್ಕದಲ್ಲಿದ್ದರೆ. ಭದ್ರಾ ಚಾನಲ್‌ನಲ್ಲಿ ಕಲಿತ ಈಜು ಕಡಲ ಸೆಳೆತಕ್ಕೆ ಸಾಲದು. ಎರಡೂ ಬದಿ ಅಲೆ ನೊರೆಯಾಗಿ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಗೆ ಕಂಡರೆ ಅಲ್ಲಿಗೆ ಇಳಿಯಲೇಬಾರದು. ದಡಕ್ಕೆ ಬಂದ ನೀರು ವಾಪಸು ಓಡುವ ದಾರಿ ಅದು. ಸಿಕ್ಕಿಕೊಂಡವರು ದಡದತ್ತ ನೇರ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡದ ಕಡೆ ತಿರುಗಬೇಕು. ಮಳೆಗಾಲದಲ್ಲಂತೂ ಕಾಲು ತೋಯಿಸುವುದೂ ಬೇಡ.