ಏರುದಾರಿಯ ಇನ್ನೂರು ಕಿಲೋಮೀಟರ್: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶರಣು. ನನಗೆ 43 ವರ್ಷ, ಕಲಬುರಗಿಯಲ್ಲಿ ಸರ್ಕಾರಿ ನೌಕರ. ಎರಡು ವರ್ಷಗಳಿಂದ ಬೆಳಗಿನ ಜಾವ ರಿಂಗ್ ರಸ್ತೆಯಲ್ಲಿ ದಿನವೂ 30 ಕಿ.ಮೀ. ಸೈಕಲ್ ತುಳಿಯುತ್ತೇನೆ. ಜನವರಿಯಲ್ಲಿ ಮಲೆನಾಡಿನ ಕಡೆ ನಡೆಯುವ 200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟಿದ್ದೇನೆ. ದಾರಿಯಲ್ಲಿ ತಲಾ 10 ಕಿ.ಮೀ. ಉದ್ದದ ಎರಡು ಘಾಟಿಗಳಿವೆ. ಸಪಾಟು ರಸ್ತೆಯಲ್ಲಿ ನನ್ನ ವೇಗ ಗಂಟೆಗೆ 22 ಕಿ.ಮೀ. ನನಗೆ ಸಮಯ ಸಾಕಾಗುವುದೇ? ನಮ್ಮ ಸೀಮೆಯಲ್ಲಿ ಗುಡ್ಡಗಳೇ ಇಲ್ಲದಿರುವಾಗ ಏರಿನ ಅಭ್ಯಾಸವನ್ನು ಎಲ್ಲಿ ಮಾಡಲಿ? ನನ್ನ ತಮ್ಮ ಮೋಟಾರ್ ಸೈಕಲ್ ಮೇಲೆ ನೀರು, ಊಟ ಹಿಡಿದುಕೊಂಡು ಹಿಂದೆ ಬರುತ್ತೇನೆ ಎನ್ನುತ್ತಾನೆ. ಕರೆದುಕೊಂಡು ಹೋಗಬಹುದೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಶರಣು. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಿದರೆ ಉಳಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೇದಂತಾಗುತ್ತದೆ. ಬ್ರೆವೆ ಎಂಬ ಸವಾರಿಯ ನಿಯಮಗಳನ್ನು ರೂಪಿಸಿದ್ದು 1904ರಲ್ಲಿ ಹುಟ್ಟಿದ ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪರಿಸಿಯಾಂ. ನಮ್ಮ ದೇಶದಲ್ಲಿ ಅದನ್ನು ಆಡಾಕ್ಸ್ ಇಂಡಿಯಾ ರಾಂಡೊನರ್ಸ್ ಸಂಸ್ಥೆ ನೋಡಿಕೊಳ್ಳುತ್ತದೆ. ಇದು ಪಂದ್ಯವಲ್ಲದ ಕಾರಣ ಮೊದಲನೆಯವರು, ಕೊನೆಯವರು ಎಂಬ ಪಟ್ಟಿ ಇರುವುದಿಲ್ಲ. ಗೊತ್ತುಪಡಿಸಿದ ಅವಧಿಯೊಳಗೆ, ಬೇರೆಯವರ ನೆರವಿಲ್ಲದೆ ದಾರಿ ಮುಗಿಸಿದವರೆಲ್ಲ ಸಮಾನರು. ಆದ್ದರಿಂದ ನಿಮ್ಮ ತಮ್ಮನವರು ದಾರಿಯುದ್ದಕ್ಕೂ ನಿಮ್ಮ ಹಿಂದೆ ಬರುವಂತಿಲ್ಲ, ಬಂದರೆ ನಿಮ್ಮ ಸವಾರಿಯೇ ಅನರ್ಹವಾಗಬಹುದು. ಕಂಟ್ರೋಲ್ ಎಂದು ಕರೆಯುವ ತಪಾಸಣೆಯ ತಾಣಗಳಲ್ಲಿ ಮಾತ್ರ ಅವರು ನಿಮಗೆ ನೀರು, ಊಟ ಕೊಡಬಹುದು. ನನ್ನನ್ನು ಕೇಳಿದರೆ ಅಲ್ಲಿಗೂ ಬರುವುದು ಬೇಡ. ದಾರಿಬದಿಯ ಅಂಗಡಿಯಲ್ಲಿ ಬಾಳೆಹಣ್ಣು ಕೊಂಡು, ಬೋರ್‌ವೆಲ್ಲಿನಲ್ಲಿ ಬಾಟಲಿ ತುಂಬಿಕೊಂಡು, ಪಂಕ್ಚರ್ ಆದರೆ ತಾನೇ ಕುಳಿತು ಟ್ಯೂಬು ಬದಲಿಸಿ ಮುಂದೆ ಹೋಗುವುದರಲ್ಲೇ ಈ ಸವಾರಿಯ ಸಂತೋಷವಿದೆ, ಅದನ್ನು ನೀವು ಪೂರ್ತಿಯಾಗಿ ಅನುಭವಿಸಬೇಕೆಂಬುದು ನನ್ನ ಆಸೆ.

ಇನ್ನು ಸಮಯದ ಮಾತು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಟ್ಟಿರುತ್ತಾರೆ, 100ನೇ ಕಿ.ಮೀ.ನಲ್ಲಿ ಕಂಟ್ರೋಲ್ ಇದ್ದರೆ ಅದು ಹೊರಟ 6 ಗಂಟೆ 40 ನಿಮಿಷಕ್ಕೆ ಮುಚ್ಚುತ್ತದೆ. ಗಂಟೆಗೆ 22 ಕಿ.ಮೀ. ತುಳಿಯುವವರಿಗೆ ಇದು ಧಾರಾಳವೆಂದು ತೋರುತ್ತದೆ. ಆದರೆ ಘಾಟಿಯ ಲೆಕ್ಕ ಬೇರೆ. 10 ಕಿ.ಮೀ. ಏರನ್ನು ಗಂಟೆಗೆ 9 ಕಿ.ಮೀ. ವೇಗದಲ್ಲಿ ಹತ್ತಿ, ಅಷ್ಟೇ ಇಳಿಜಾರನ್ನು 36 ಕಿ.ಮೀ. ವೇಗದಲ್ಲಿ ಇಳಿದರೆ ಸರಾಸರಿ 22.5 ಬರುತ್ತದೆಂದು ಅನೇಕರು ತಿಳಿಯುತ್ತಾರೆ. ಹತ್ತುವುದಕ್ಕೆ 67 ನಿಮಿಷ, ಇಳಿಯುವುದಕ್ಕೆ 17 ನಿಮಿಷ ಹಿಡಿದು, ಆ 20 ಕಿ.ಮೀ.ಗಳ ನಿಜವಾದ ಸರಾಸರಿ 14.4ಕ್ಕೆ ಬಂದು ನಿಲ್ಲುತ್ತದೆ. ಏರಿನಲ್ಲಿ ಕಳೆದ ಹೊತ್ತನ್ನು ಇಳಿಜಾರು ಎಂದೂ ಪೂರ್ತಿ ಹಿಂದಿರುಗಿಸುವುದಿಲ್ಲ. ಹಾಗೆ ಎರಡು ಘಾಟಿಗಳಿಗೆ ಸುಮಾರು ಎರಡು ಮುಕ್ಕಾಲು ಗಂಟೆ ತೆಗೆದಿಟ್ಟು, ಉಳಿದ 160 ಕಿ.ಮೀ.ಗಳನ್ನು ಮಲೆನಾಡಿನ ಚಿಕ್ಕ ಏರಿಳಿತಗಳ ಕಾರಣಕ್ಕೆ ಗಂಟೆಗೆ 20ರ ವೇಗದಲ್ಲೇ ತುಳಿಯುತ್ತೀರೆಂದು ಹಿಡಿದರೆ ಎಂಟು ಗಂಟೆ ಬೇಕು. ಒಟ್ಟು ಹತ್ತು ಮುಕ್ಕಾಲು ಗಂಟೆಯಾಯಿತು. ಕೈಯಲ್ಲಿ ಇನ್ನೂ ಎರಡು ಮುಕ್ಕಾಲು ಗಂಟೆ ಉಳಿಯುತ್ತದೆ. ಸಮಯ ನಿಮಗೆ ಸಾಕು. ಅದನ್ನು ಕಳೆದುಕೊಳ್ಳುವುದು ಏರಿನಲ್ಲಿ ಕಡಿಮೆ, ಹೋಟೆಲಿನ ಬೆಂಚಿನ ಮೇಲೆ ಹೆಚ್ಚು. ಚಹಾಕ್ಕೆಂದು ಇಳಿದ ಹತ್ತು ನಿಮಿಷ ಕಣ್ಣೆದುರೇ ಮುಕ್ಕಾಲು ಗಂಟೆಯಾಗುವುದನ್ನು ನಾನು ಅನೇಕ ಸವಾರಿಗಳಲ್ಲಿ ಕಂಡಿದ್ದೇನೆ.

ನಮ್ಮಲ್ಲಿ ಗುಡ್ಡವಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಹುಮನಾಬಾದ್ 600 ಮೀಟರಿಗಿಂತ ಮೇಲಿದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ಹುಮನಾಬಾದಿನ ಕಡೆ ಹೊರಟರೆ ಎರೆ ನೆಲ ಹಿಂದೆ ಸರಿದು ಕೆಂಪು ನೆಲ ಕಾಣತೊಡಗುವ ಹೊತ್ತಿಗೆ ನೀವು ಪ್ರಸ್ಥಭೂಮಿಯನ್ನು ಏರಿರುತ್ತೀರಿ. ರವಿವಾರ ನಸುಕಿನಲ್ಲಿ ಕಲಬುರಗಿಯಿಂದ ಹುಮನಾಬಾದಿಗೆ ಹೋಗಿ ಬಂದರೆ ಹೆಚ್ಚುಕಡಿಮೆ 120 ಕಿ.ಮೀ. ಆಗುತ್ತದೆ. ಸವಾರಿಗೆ ಮೂರು ವಾರ ಇರುವಂತೆ ಒಮ್ಮೆ ಇದನ್ನು ಮಾಡಿ, ಉಳಿದ ವಾರಗಳಲ್ಲಿ 60, 80, 100 ಎಂದು ಮೆಲ್ಲಗೆ ಏರಿಸುತ್ತ ಬನ್ನಿ. ಎರಡು ದಿನ ಬಿಡುವಾದರೆ ಚಿಂಚೋಳಿಗೆ ಹೋಗಿ, ಚಂದ್ರಂಪಳ್ಳಿ ಜಲಾಶಯದ ಸುತ್ತಿನ ಕಾಡು ಗುಡ್ಡಗಳ ರಸ್ತೆಗಳಲ್ಲಿ ತುಳಿಯಿರಿ. ನಮ್ಮ ಜಿಲ್ಲೆಯಲ್ಲಿ ಮಲೆನಾಡಿನ ಛಾಯೆ ಕಾಣುವುದು ಅಲ್ಲಿಯೇ. ಬೀದರ್ ನಗರವೂ ಪ್ರಸ್ಥಭೂಮಿಯ ಅಂಚಿನಲ್ಲಿ ಕುಳಿತಿದೆ. ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳ ಕಡೆಗೆ ಇಳಿದು ಮತ್ತೆ ಊರಿಗೆ ಹತ್ತುವ ದಾರಿ ಚಿಕ್ಕದಾದರೂ, ಅದನ್ನೇ ಆರು ಸಲ ಮಾಡಿದವರ ಕಾಲುಗಳಿಗೆ ಘಾಟಿ ಹೊಸದೆನಿಸುವುದಿಲ್ಲ. ಎಲ್ಲಿಗೂ ಹೋಗಲಾಗದ ದಿನ ಎದುರುಗಾಳಿಯನ್ನೇ ಏರೆಂದು ತಿಳಿಯಿರಿ. ಬಯಲು ಹೊಲಗಳ ನಡುವೆ ಚಳಿಗಾಲದ ಮೂಡಗಾಳಿಗೆ ಮುಖವೊಡ್ಡಿ, ಹಗುರ ಗೇರಿನಲ್ಲಿ ಒಂದೇ ಸಮನೆ ಒಂದು ಗಂಟೆ ತುಳಿಯುವುದು ಉದ್ದನೆಯ ಘಾಟಿಗೆ ಬೇಕಾದ ತಾಳ್ಮೆಯನ್ನೇ ಕಲಿಸುತ್ತದೆ.

ಘಾಟಿಯ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಗೇರಿನ ಬಗ್ಗೆ. ಪೆಡಲ್ ಬಳಿಯ ಹಲ್ಲಿನ ಚಕ್ರದ 34 ಹಲ್ಲು, ಹಿಂದಿನ ಗಾಲಿಯ ಹಲ್ಲಿನ ಚಕ್ರದ 32 ಹಲ್ಲುಗಳ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತುವಾಗ ಕಾಲು ನಿಮಿಷಕ್ಕೆ 75 ಸುತ್ತು ಹಗುರವಾಗಿ ತಿರುಗುತ್ತಿರುತ್ತದೆ. ಅದೇ ಏರನ್ನು ದೊಡ್ಡ ಗೇರಿನಲ್ಲಿ ನಿಮಿಷಕ್ಕೆ 40 ಸುತ್ತಿನಂತೆ ಹತ್ತಿದರೂ ವೇಗ ಒಂದೇ, ಆದರೆ ಪ್ರತಿ ತುಳಿತದ ಭಾರ ಹೆಚ್ಚುಕಡಿಮೆ ಇಮ್ಮಡಿಯಾಗಿ ಮೊಣಕಾಲಿನ ಮೇಲೆ ಬೀಳುತ್ತದೆ. ನಿಮ್ಮ ಸೈಕಲ್ಲಿನ ಹಿಂದಿನ ದೊಡ್ಡ ಹಲ್ಲಿನ ಚಕ್ರ 32ಕ್ಕಿಂತ ಚಿಕ್ಕದಿದ್ದರೆ ಈಗಲೇ ಬದಲಿಸಿ. ಹಗುರ ರಿಮ್, ಹಗುರ ಹ್ಯಾಂಡಲ್ ಎಂದು ಸಾವಿರಾರು ರೂಪಾಯಿ ಸುರಿಯುವುದಕ್ಕಿಂತ ಆ ಒಂದು ಖರ್ಚು ಮೇಲು. ಹತ್ತುವಾಗ ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುತ್ತಿದ್ದರೆ ನಿಮ್ಮ ಗತಿ ಸರಿಯಿದೆ. ಮಾತು ತುಂಡಾಗತೊಡಗಿದರೆ ಇನ್ನೂ ನಿಧಾನಿಸಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಮೊದಲ 300 ಕಿ.ಮೀ. ಸವಾರಿಯಲ್ಲಿ ಮುಂದಿದ್ದವರ ಬೆನ್ನು ಬಿಡಬಾರದೆಂಬ ಹಟದಿಂದ ಮೊದಲ ಏರನ್ನು ಏದುಸಿರು ಬಿಡುತ್ತ ಹತ್ತಿದೆ. ಹೊಟ್ಟೆ ಹಸಿದಿಲ್ಲವೆಂದು ಮೂರು ತಾಸು ಏನನ್ನೂ ತಿನ್ನಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ತೊಡೆಯ ಸ್ನಾಯು ಹಿಡಿದುಕೊಂಡು ಕಿಲೋಮೀಟರ್ ಕಲ್ಲಿನ ಮೇಲೆ ಕುಳಿತಾಗ ಬಾಟಲಿಯ ಮುಚ್ಚಳ ತಿರುಗಿಸಲೂ ಕೈಯಲ್ಲಿ ಬಲವಿರಲಿಲ್ಲ. ತೊಗರಿ ಹೊಲದಿಂದ ಬಂದ ತಾಯಿಯೊಬ್ಬರು ಏನನ್ನೂ ಕೇಳದೆ ಬುತ್ತಿ ಬಿಚ್ಚಿ, ಕಟಿರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಪುಂಡಿಪಲ್ಯ ಇಟ್ಟು ಕೊಟ್ಟರು. ಅದನ್ನು ತಿಂದು, ಅರ್ಧ ಗಂಟೆ ಮಲಗಿ ಎದ್ದ ಮೇಲೆಯೇ ಮುಂದಿನ ದಾರಿ ಸಾಗಿತು.

ದೇಹದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಕೆಲವೇ ತಾಸಿನ ದುಡಿಮೆಗೆ ಸಾಲುತ್ತದೆ, ಅದು ಬರಿದಾದ ಮೇಲೆ ತಿಂದರೆ ಕಾಲಿಗೆ ಬಲ ಮರಳಲು ತುಂಬ ಹೊತ್ತು ಹಿಡಿಯುತ್ತದೆ. ಆದ್ದರಿಂದ ಹಸಿವಿಗೆ ಕಾಯದೆ ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳಿ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬೆಲ್ಲದ ಚೂರು, ಖರ್ಜೂರ, ಶೇಂಗಾ ಚಿಕ್ಕಿ ಜೇಬಿನಲ್ಲಿರಲಿ. ಶೇಂಗಾ ಹೋಳಿಗೆ ಎರಡು ದಿನ ಕೆಡದೆ ಇರುವ ಒಳ್ಳೆಯ ದಾರಿಬುತ್ತಿ, ಆದರೆ ಅದರಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಏರು ಹತ್ತುವ ಮುಂಚೆ ಬೇಡ, ಇಳಿದ ಮೇಲೆ ತಿನ್ನಿ. ಮಿರ್ಚಿ ಭಜಿಯನ್ನು ಸವಾರಿ ಮುಗಿದ ಸಂಜೆಗೆ ಇಟ್ಟುಕೊಳ್ಳಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆಸುತ್ತು, ವಾಂತಿಯಾಗಬಹುದು. ಎರಡು ಬಾಟಲಿಗಳಲ್ಲಿ ಒಂದಕ್ಕೆ ಓಆರ್‌ಎಸ್ ಬೆರೆಸಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಸಿಕ್ಕಲ್ಲಿ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಇಳಿಜಾರಿನ ಬಗ್ಗೆಯೂ ಒಂದು ಮಾತು, ಏಕೆಂದರೆ ನಮ್ಮ ಒಣ ಬಯಲಿನಲ್ಲಿ ಕಲಿತವರು ಮಲೆನಾಡಿನಲ್ಲಿ ಜಾರುವುದು ಅಲ್ಲಿಯೇ. ಜನವರಿಯ ಬೆಳಗಿನಲ್ಲಿ ಮಂಜು ಬಿದ್ದು ರಸ್ತೆ ಒದ್ದೆಯಾಗಿ, ತಿರುವುಗಳಲ್ಲಿ ತರಗೆಲೆ ಅಂಟಿಕೊಂಡಿರುತ್ತದೆ. ತಿರುವಿಗೆ ಮುಂಚೆಯೇ ಎರಡೂ ಬ್ರೇಕುಗಳನ್ನು ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬ್ರೇಕನ್ನು ಬಿಗಿಯಾಗಿ ಹಿಡಿಯಬೇಡಿ. ಹತ್ತುವಾಗ ಬೆವರಿದ ಮೈಗೆ ಇಳಿಯುವಾಗಿನ ಗಾಳಿ ಚಳಿ ಹಿಡಿಸಿ ಬೆರಳು ಮರಗಟ್ಟಿಸುತ್ತದೆ. ಘಾಟಿಯ ತುದಿಯಲ್ಲಿ ನಿಂತು, ಅಂಗಿಯೊಳಗೆ ಎದೆಯ ಮೇಲೆ ಒಂದು ದಿನಪತ್ರಿಕೆ ಮಡಚಿ ಇಟ್ಟುಕೊಂಡು ಇಳಿದರೆ ಸಾಕು, ಹೆಚ್ಚಿನ ಜಾಕೆಟ್ ಹೊತ್ತೊಯ್ಯಬೇಕಿಲ್ಲ.

ಪ್ರಶ್ನೆ: ನನಗೆ 51 ವರ್ಷ, ಯಾದಗಿರಿಯಲ್ಲಿ ಶಾಲಾ ಶಿಕ್ಷಕಿ. ಮಗಳ ಗೇರ್ ಸೈಕಲ್ ತುಳಿಯಲು ಆರಂಭಿಸಿ ಎಂಟು ತಿಂಗಳಾಯಿತು. 50 ಕಿ.ಮೀ. ದಾಟಿದ ಮೇಲೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಈ ವಯಸ್ಸಿನಲ್ಲಿ ಇಂಥ ಸವಾರಿಗಳ ಆಸೆ ಇಟ್ಟುಕೊಳ್ಳುವುದು ತಪ್ಪೇ?
— ಓದುಗರೊಬ್ಬರು, ಯಾದಗಿರಿ

ಉತ್ತರ: ಅಕ್ಕಾವರೇ, ಆಸೆಯಲ್ಲಿ ಯಾವ ತಪ್ಪೂ ಇಲ್ಲ. 50 ದಾಟಿದವರು ತಾಳ್ಮೆಯಿಂದ ತುಳಿಯುವುದರಿಂದ ದೀರ್ಘ ಸವಾರಿಯಲ್ಲಿ ಎಳೆಯರಿಗಿಂತ ಚೆನ್ನಾಗಿ ದಾರಿ ಮುಗಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊಣಕಾಲಿನ ಮುಂಭಾಗದ ನೋವಿಗೆ ಬಹಳ ಸಲ ಎರಡು ಕಾರಣ: ಸೀಟು ತಗ್ಗಿರುವುದು, ಗೇರು ಭಾರವಿರುವುದು. ಸೈಕಲ್ ಮಗಳದೆಂದು ಬರೆದಿದ್ದೀರಿ, ಸೀಟೂ ಅವಳ ಅಳತೆಗೇ ಇರಬಹುದು. ಗೋಡೆಗೆ ಆತು ಕುಳಿತು, ಪೆಡಲನ್ನು ಕೆಳಗಿನ ತುದಿಗೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟು ನೋಡಿ. ಕಾಲು ನೇರವಾಗಿ ಚಾಚಿಕೊಳ್ಳಬೇಕು. ಮೊಣಕಾಲು ಮಡಚಿಯೇ ಇದ್ದರೆ ಸೀಟನ್ನು ಎತ್ತರಿಸಿ, ಆದರೆ ಒಮ್ಮೆಲೇ ಬೇಡ, ವಾರಕ್ಕೆ ಅರ್ಧ ಸೆಂಟಿಮೀಟರಿನಂತೆ ಏರಿಸುತ್ತ ಹೋಗಿ. ನೋವು ಮೊಣಕಾಲಿನ ಹಿಂಭಾಗಕ್ಕೆ ಸರಿದರೆ ಸೀಟು ಅತಿಯಾಗಿ ಎತ್ತರವಾಯಿತೆಂದು ತಿಳಿಯಿರಿ. ಬಾವು ಬಂದರೆ, ಮೆಟ್ಟಿಲು ಹತ್ತುವಾಗಲೂ ನೋವಿದ್ದರೆ ಸವಾರಿ ನಿಲ್ಲಿಸಿ ಎಲುಬು ಕೀಲಿನ ವೈದ್ಯರಿಗೆ ತೋರಿಸಿ. ಎದೆ ಹಿಡಿದಂತಾಗುವುದು, ಬಿ.ಪಿ., ಸಕ್ಕರೆ ಕಾಯಿಲೆ ಇವುಗಳಲ್ಲಿ ಯಾವುದಿದ್ದರೂ 200 ಕಿ.ಮೀ.ಗೆ ಹೆಸರು ಕೊಡುವ ಮೊದಲು ವೈದ್ಯರ ಒಪ್ಪಿಗೆ ಬೇಕೇ ಬೇಕು.

ಪ್ರಶ್ನೆ: ಬೀದರಿನಲ್ಲಿ ಓದುತ್ತಿದ್ದೇನೆ. ನನ್ನ ಹತ್ತಿರ ಅಪ್ಪನ ಹಳೆಯ ಕಪ್ಪು ಸೈಕಲ್ ಇದೆ, ಗೇರಿಲ್ಲ. ಅದರಲ್ಲಿ ಬ್ರೆವೆ ಮಾಡಲು ಬಿಡುತ್ತಾರೆಯೇ? ರಾತ್ರಿ ತುಳಿಯುವುದಕ್ಕೂ ನಮ್ಮ ರಸ್ತೆಗಳ ಮುಳ್ಳಿಗೂ ಏನು ಮಾಡಬೇಕು?
— ವಿದ್ಯಾರ್ಥಿ, ಬೀದರ್

ಉತ್ತರ: ಬಿಡುತ್ತಾರೆ. ಮನುಷ್ಯನ ಬಲದಿಂದಲೇ ಓಡುವ ಯಾವ ಗಾಡಿಯಾದರೂ ಸರಿ. ಆದರೆ ಅಂಥ ಸೈಕಲ್ ಪೆಡಲ್ಲಿನ ಒಂದು ಸುತ್ತಿಗೆ 5 ಮೀಟರಿಗಿಂತ ಹೆಚ್ಚು ಓಡುವುದರಿಂದ ಕಡಿದಾದ ಏರಿನಲ್ಲಿ ಕಾಲು ಸೋಲುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ನಡೆಯುವುದಕ್ಕೂ ನಿಯಮದಲ್ಲಿ ಅಡ್ಡಿಯಿಲ್ಲ. ಮೊದಲ ಸಲಕ್ಕೆ ಗುಡ್ಡಗಳಿಲ್ಲದ ದಾರಿಯ ಬ್ರೆವೆಯನ್ನು ಆರಿಸಿಕೊಳ್ಳಿ. ಬ್ರೇಕಿನ ರಬ್ಬರುಗಳನ್ನು ಹೊಸದಾಗಿ ಹಾಕಿಸಿ.

ಬೆಳಿಗ್ಗೆ ಆರಕ್ಕೆ ಹೊರಟರೂ ಅವಧಿ ಮುಗಿಯುವುದು ಸಂಜೆ ಏಳೂವರೆಗೆ, ಚಳಿಗಾಲದಲ್ಲಿ ಆರರ ಸುಮಾರಿಗೇ ಹೊತ್ತು ಮುಳುಗಿರುತ್ತದೆ. ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಬೆಳಕಿಗೆ ಹೊಳೆಯುವ ಮೇಲಂಗಿ ಇಲ್ಲದೆ ಹೊರಡಬೇಡಿ. ನಿಮ್ಮ ಜಿಲ್ಲೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಹಿಂದೀಪವೇ ಇಲ್ಲದ ಟ್ರ್ಯಾಕ್ಟರುಗಳು ಕತ್ತಲಲ್ಲಿ ಓಡಾಡುತ್ತವೆ, ಕೆಟ್ಟು ನಡುರಸ್ತೆಯಲ್ಲೇ ನಿಂತಿರುವುದೂ ಉಂಟು. ಕತ್ತಲಾದ ಮೇಲೆ ನಿಮ್ಮ ದೀಪ ಬೆಳಗುವಷ್ಟು ದೂರದಲ್ಲಿ ನಿಲ್ಲಿಸಲು ಆಗುವಷ್ಟೇ ವೇಗವಿರಲಿ. ರಾಶಿಗೆಂದು ರಸ್ತೆಯ ಮೇಲೆ ಹರವಿದ ಬೆಳೆಯ ಮೇಲೆ ಹಾಯಿಸಬೇಡಿ, ದಂಟು ಚೈನಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ತಾಸು ಬೇಕು.

ಜಾಲಿಮುಳ್ಳಿಗೆ ಎರಡು ಟ್ಯೂಬು, ಪಂಪು, ಟಯರ್ ಬಿಚ್ಚುವ ಪಟ್ಟಿ ಜೊತೆಗಿರಲಿ. ಗಾಳಿ ಹೋದ ಕೂಡಲೇ ಹೊಸ ಟ್ಯೂಬು ಹಾಕಿ ಹೊರಡುವವರು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಕುಳಿತಿರುತ್ತಾರೆ, ಏಕೆಂದರೆ ಮುಳ್ಳಿನ ತುದಿ ಮುರಿದು ಟಯರಿನೊಳಗೇ ಉಳಿದಿರುತ್ತದೆ. ಹೊರಗಿನಿಂದ ಅದು ಕಾಣಿಸುವುದಿಲ್ಲ. ಟಯರಿನ ಒಳಮೈಯಲ್ಲಿ ಹತ್ತಿಬಟ್ಟೆಯ ತುಂಡೊಂದನ್ನು ನಿಧಾನವಾಗಿ ಸುತ್ತಲೂ ಸವರಿ. ನೂಲು ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ, ಅದನ್ನು ಹೊರಗಿನಿಂದ ಒತ್ತಿ, ಒಳಗಿನಿಂದ ಚಿಮಟಿಗೆಯಲ್ಲಿ ಹಿಡಿದು ಎಳೆಯಿರಿ. ಅಪ್ಪನ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಲು ಪಾನಾ ಬೇಕಾಗುತ್ತದೆ. ಅದರ ನಟ್ಟಿಗೆ ಸರಿಯಾಗಿ ಕೂರುವ ಅಳತೆಯದನ್ನು ಮನೆಯಲ್ಲೇ ಒಮ್ಮೆ ಹಾಕಿ ತಿರುಗಿಸಿ ನೋಡಿ, ಆಮೇಲೆ ಚೀಲದಲ್ಲಿ ಇಟ್ಟುಕೊಳ್ಳಿ.